ಸುಟ್ಟ ಟಿಪ್ಪಣಿಗಳು, ಬರೆಯದೆ ಉಳಿದ ಕೇರಿ

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಸಮಾಜ ವಿಜ್ಞಾನಿಗಳ ಸಂಶೋಧನಾ ಕೇಂದ್ರವೊಂದಕ್ಕೆ ಬೆಂಕಿ ಹಚ್ಚಲಾಯಿತು. ವಿಯೆಟ್ನಾಂ ಯುದ್ಧದ ವಿರುದ್ಧ ಅಲ್ಲಿನ ವಿಶ್ವವಿದ್ಯಾಲಯಗಳೆಲ್ಲ ಕುದಿಯುತ್ತಿದ್ದ ದಿನಗಳವು. ಆ ಕೇಂದ್ರದಲ್ಲಿ ಒಂದು ವರ್ಷ ಕೂತು ಬರೆಯಲೆಂದು ಹೋಗಿದ್ದ ವಿದ್ವಾಂಸರಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರೂ ಒಬ್ಬರು. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ 1948ರಲ್ಲಿ ಹಲವು ತಿಂಗಳು, ಮತ್ತೆ 1952ರ ಬೇಸಿಗೆಯಲ್ಲಿ ಕೆಲವು ವಾರ ಇದ್ದು ಅವರು ಕಲೆಹಾಕಿದ್ದ ಮಾಹಿತಿಯನ್ನು ಹದಿನೆಂಟು ವರ್ಷಗಳ ಕಾಲ ವಿಂಗಡಿಸಿ, ಜೋಡಿಸಿ ಟಿಪ್ಪಣಿಗಳಾಗಿ ಸಿದ್ಧಮಾಡಿಕೊಂಡಿದ್ದರು. ಅವುಗಳ ಮೂರು ಪ್ರತಿಗಳಿದ್ದವು. ಮೂರೂ ಅವರ ಕೋಣೆಯಲ್ಲೇ ಇದ್ದವು. ಮೂರೂ ಬೆಂಕಿಗೆ ಸಿಕ್ಕವು.

ಕೇಂದ್ರದಲ್ಲಿದ್ದ ಇನ್ನೊಬ್ಬ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಅವರು ಒಂದು ಸಲಹೆ ಕೊಟ್ಟರು: ಟಿಪ್ಪಣಿ ಹೋದರೆ ಹೋಗಲಿ, ನೆನಪಿನಿಂದಲೇ ಯಾಕೆ ಬರೆಯಬಾರದು? ಹಾಗೆ ಬರೆದ ಪುಸ್ತಕ 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಎಂಬ ಹೆಸರಿನಲ್ಲಿ ಹೊರಬಂತು. ಸಮಾಜಶಾಸ್ತ್ರ ಓದಿದವರಿಗೆಲ್ಲ ಈ ಕಥೆ ಗೊತ್ತು. ಸಂಶೋಧನಾ ವಿಧಾನದ ತರಗತಿಯಲ್ಲಿ ಮೇಷ್ಟ್ರು ಇದನ್ನು ಹೇಳಿಯೇ ಹೇಳುತ್ತಾರೆ, ಹೇಳಿ ಕೊನೆಗೆ 'ಆದ್ದರಿಂದ ನಿಮ್ಮ ನೋಟ್ಸನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟುಕೊಳ್ಳಿ' ಎಂದು ನಗಿಸುತ್ತಾರೆ.

ನನಗೆ ಈ ಪ್ರಸಂಗದಿಂದ ಬೇರೊಂದು ಪಾಠ ಇದೆ ಎನ್ನಿಸುತ್ತದೆ. ಒಂದು ಹಳ್ಳಿಯ ಬಗೆಗಿನ ಜ್ಞಾನ ಎಲ್ಲಿ ಇರುತ್ತದೆ? ಟಿಪ್ಪಣಿಯಲ್ಲೋ, ನೆನಪಿನಲ್ಲೋ, ಅಥವಾ ನೋಡುವವರು ಕೂತ ಜಗಲಿಯಲ್ಲೋ? ಆ ಪುಸ್ತಕವನ್ನು ಓದುತ್ತಾ ಹೋದಂತೆ ಬೆಂಕಿ ತಿಂದಿದ್ದರ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಕಾಣುವ ಕೊರತೆ 1948ರದ್ದು. ಅದನ್ನು ವಿವರಿಸಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಭಾರತದ ಹಳ್ಳಿ ಎಂದರೇನು ಎಂಬುದನ್ನು ಯುರೋಪು ಮೊದಲು ಕಲಿತದ್ದು ಆಡಳಿತಗಾರರ ಬರಹಗಳಿಂದ. ಅದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಇತಿಹಾಸ ಬರೆದ. ಅದರ ಮೊದಲ ಸಂಪುಟ 1810ರಲ್ಲಿ ಬಂತು. ಗೌಡ, ಶ್ಯಾನುಭೋಗ, ತಳವಾರ, ಕಮ್ಮಾರ, ಕುಂಬಾರ, ಅಗಸ ಹೀಗೆ ಎಲ್ಲರನ್ನೂ ತನ್ನೊಳಗೇ ಇಟ್ಟುಕೊಂಡ, ಹೊರಗಿನ ಹಂಗಿಲ್ಲದ ಒಂದು ಪುಟ್ಟ ಲೋಕವಾಗಿ ಹಳ್ಳಿಯ ಚಿತ್ರ ಅಲ್ಲಿ ಮೂಡಿತು. ಇಂಥ ಚಿತ್ರಗಳು ಲಂಡನ್ನಿನ ಗ್ರಂಥಾಲಯದಲ್ಲಿ ಕಾರ್ಲ್ ಮಾರ್ಕ್ಸ್‌ನ ಕೈಗೂ ಸಿಕ್ಕವು. 1853ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಭಾರತದ ಬಗ್ಗೆ ಬರೆದ ಲೇಖನಗಳಲ್ಲಿ ಆತ ಈ ಸ್ವಯಂಪೂರ್ಣ ಹಳ್ಳಿಗಳ ಮಾತನ್ನು ಎತ್ತಿದ. 'ಬಂಡವಾಳ'ದ ಮೊದಲ ಸಂಪುಟದಲ್ಲಿ ಅದೇ ವಿಷಯ ಬಂದಾಗ ಅಡಿಟಿಪ್ಪಣಿಯಲ್ಲಿ ವಿಲ್ಕ್ಸ್‌ನ ಹೆಸರೇ ಇದೆ. ಮಾರ್ಕ್ಸ್ ಭಾರತಕ್ಕೆ ಬಂದವನಲ್ಲ. ಹಿಂದೂ ಧರ್ಮ ಮತ್ತು ಜಾತಿಯ ಬಗ್ಗೆ ಒಂದಿಡೀ ಗ್ರಂಥ ಬರೆದ ಮ್ಯಾಕ್ಸ್ ವೆಬರ್ ಕೂಡ ಬಂದವನಲ್ಲ. ಸಮಾಜಶಾಸ್ತ್ರದ ಆದಿಪುರುಷರೆಂದು ನಾವು ಮೊದಲ ಸೆಮಿಸ್ಟರಿನಲ್ಲಿ ಓದುವವರಿಗೆ ನಮ್ಮ ಹಳ್ಳಿ ಸಿಕ್ಕಿದ್ದು ಬೇರೆಯವರು ಬರೆದ ಕಾಗದದಲ್ಲಿ.

ಇತ್ತ ಮೈಸೂರು ಸಂಸ್ಥಾನದಲ್ಲಿ ಇನ್ನೊಂದು ಬಗೆಯ ಕೆಲಸ ನಡೆಯಿತು. ಎಚ್.ವಿ. ನಂಜುಂಡಯ್ಯ ಅವರು ಆರಂಭಿಸಿ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ತಿಮಾಡಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ನಾಲ್ಕು ಸಂಪುಟಗಳು 1928ರಿಂದ 1935ರವರೆಗೆ ಪ್ರಕಟವಾದವು. ನಿಘಂಟಿನ ಹಾಗೆ ಒಂದೊಂದು ಜಾತಿಗೂ ಒಂದೊಂದು ಅಧ್ಯಾಯ: ಹುಟ್ಟು, ಮದುವೆ, ಸಾವು, ಕುಲದೇವರು, ಬೆಡಗು, ಊಟ, ಉಡುಗೆ. ಇವತ್ತಿಗೂ ಉಪಯೋಗಕ್ಕೆ ಬರುವ ಆಕರ ಅದು. ಆದರೆ ಅಧ್ಯಾಯದಿಂದ ಅಧ್ಯಾಯಕ್ಕೆ ದಾರಿ ಇಲ್ಲ. ಅಗಸರ ಅಧ್ಯಾಯದಲ್ಲಿರುವ ಅಗಸ ಯಾರ ಮನೆಯ ಬಟ್ಟೆ ಒಗೆಯುವುದಿಲ್ಲ, ಯಾಕೆ ಒಗೆಯುವುದಿಲ್ಲ, ಸುಗ್ಗಿಯಲ್ಲಿ ಯಾರ ಕಣದ ಮುಂದೆ ಆಯಕ್ಕಾಗಿ ನಿಲ್ಲುತ್ತಾನೆ ಎಂಬುದು ಗೊತ್ತಾಗಬೇಕಾದರೆ ಆ ಎಲ್ಲ ಅಧ್ಯಾಯಗಳೂ ಒಟ್ಟಿಗೆ ಬದುಕುತ್ತಿರುವ ಒಂದು ಊರಿಗೆ ಹೋಗಬೇಕು.

ಹೀಗೆ ಹೋಗುವುದನ್ನೇ ಒಂದು ವಿಧಾನವಾಗಿ ಬೆಳೆಸಿದ್ದು ಮಾನವಶಾಸ್ತ್ರ. ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ದೀರ್ಘಕಾಲ ಇದ್ದು, ಅಲ್ಲಿನ ಭಾಷೆ ಕಲಿತು, ಡೇರೆ ಹಾಕಿಕೊಂಡು ಊರ ನಡುವೆಯೇ ಬದುಕಿ ಮಾಲಿನೋವ್‌ಸ್ಕಿ 1922ರಲ್ಲಿ ಪ್ರಕಟಿಸಿದ ಪುಸ್ತಕ ಮುಂದಿನವರಿಗೆ ಮೇಲ್ಪಂಕ್ತಿಯಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ 'ಸಹಭಾಗಿ ಅವಲೋಕನ' ಎಂಬ ಗಡಸು ಹೆಸರಿನಲ್ಲಿ ಬರುವುದು ಇದೇ. ಜನ ಹೇಳುವುದು ಬೇರೆ, ಮಾಡುವುದು ಬೇರೆ, ಮಾಡಬೇಕು ಅಂದುಕೊಳ್ಳುವುದು ಬೇರೆ. ಈ ಮೂರೂ ಕಾಣಬೇಕಾದರೆ ಜೊತೆಯಲ್ಲಿ ಇರಬೇಕು ಎಂಬುದು ಅದರ ಸಾರ.

ಶ್ರೀನಿವಾಸ್ ಈ ಎರಡೂ ಪರಂಪರೆಗಳ ನಡುವಿನಿಂದ ಬಂದವರು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಎ.ಆರ್. ವಾಡಿಯಾ ಅವರಿದ್ದ ತತ್ತ್ವಶಾಸ್ತ್ರ ವಿಭಾಗದಲ್ಲಿ ಸಾಮಾಜಿಕ ತತ್ತ್ವಶಾಸ್ತ್ರ ಓದಿ, ಮುಂಬಯಿಗೆ ಹೋಗಿ ಜಿ.ಎಸ್. ಘುರ್ಯೆ ಅವರ ವಿದ್ಯಾರ್ಥಿಯಾದರು. ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಅವರು ಅಲ್ಲಿ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಘುರ್ಯೆ ಅವರದು ಸಂಸ್ಕೃತ ಗ್ರಂಥ, ಇತಿಹಾಸ, ಜನಾಂಗ ವಿವರಣೆ ಎಲ್ಲವನ್ನೂ ಸೇರಿಸಿ ನೋಡುವ ಕ್ರಮ. 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದ ಶ್ರೀನಿವಾಸ್‌ಗೆ ಸಿಕ್ಕ ಗುರು ರ‍್ಯಾಡ್‌ಕ್ಲಿಫ್-ಬ್ರೌನ್ ಬೇರೆಯದೇ ಪ್ರಶ್ನೆ ಕೇಳುತ್ತಿದ್ದರು: ಒಂದು ಆಚರಣೆ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಅದು ಇವತ್ತಿನ ಸಮಾಜವನ್ನು ಹೇಗೆ ಹಿಡಿದು ನಿಲ್ಲಿಸಿದೆ? ಈ ಕಾರ್ಯಾತ್ಮಕ ದೃಷ್ಟಿಯಿಂದ ತಮ್ಮ ಹಳೆಯ ಮಾಹಿತಿಯನ್ನೇ ಮತ್ತೆ ನೋಡಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಅವರು ಬರೆದ ಗ್ರಂಥ 1952ರಲ್ಲಿ ಬಂತು. 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ಪ್ರಸಿದ್ಧವಾದದ್ದು ಅದರಿಂದ: ಕೆಳಗಿನ ಜಾತಿಯೊಂದು ಮೇಲಿನವರ ಊಟ, ಆಚಾರ, ದೇವರು, ವಿಧಿಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವ ಪ್ರಕ್ರಿಯೆ.

ರ‍್ಯಾಡ್‌ಕ್ಲಿಫ್-ಬ್ರೌನ್ ನಂತರ ಆ ಪೀಠಕ್ಕೆ ಬಂದ ಇವಾನ್ಸ್-ಪ್ರಿಚರ್ಡ್ ಅವರು ಶ್ರೀನಿವಾಸರನ್ನು ಆಕ್ಸ್‌ಫರ್ಡ್‌ನಲ್ಲೇ ಉಪನ್ಯಾಸಕರನ್ನಾಗಿ ನೇಮಿಸಿ, ಮೊದಲ ವರ್ಷವನ್ನು ಭಾರತದ ಹಳ್ಳಿಯಲ್ಲಿ ಕಳೆಯಲು ಬಿಟ್ಟುಕೊಟ್ಟರು. ಗಾಂಧಿ ಹತ್ಯೆಯಾಗಿ ಹೆಚ್ಚು ದಿನವಾಗಿರಲಿಲ್ಲ. 1948ರ ಫೆಬ್ರುವರಿಯಲ್ಲಿ ಶ್ರೀನಿವಾಸ್ ಹಳ್ಳಿ ಸೇರಿದರು. ಪುಸ್ತಕದಲ್ಲಿ ಅದರ ಹೆಸರು ರಾಂಪುರ, ನಿಜದ ಹೆಸರು ಕೊಡಗಹಳ್ಳಿ. ಸುಮಾರು 1,500 ಜನ. ಹತ್ತಿರ ಹತ್ತಿರ ಅರ್ಧದಷ್ಟು ಒಕ್ಕಲಿಗರು. ಉಳಿದಂತೆ ಕುರುಬರು, ಕುಶಲಕರ್ಮಿ ಜಾತಿಗಳು, ದಲಿತರು, ಮುಸ್ಲಿಮರು, ಕೆಲವೇ ಬ್ರಾಹ್ಮಣರು. ಅವರಿಗೆ ಉಳಿಯಲು ಸಿಕ್ಕಿದ್ದು ಊರ ಪಟೇಲರಿಗೆ ಸೇರಿದ, ಅವರ ಎತ್ತುಗಳನ್ನು ಕಟ್ಟುತ್ತಿದ್ದ ಮನೆ. ಪುಸ್ತಕದಲ್ಲಿ ಅದು 'ಬುಲಕ್ ಹೌಸ್'. ಅಡುಗೆಗೆ ಜೊತೆಯಲ್ಲಿ ಒಬ್ಬ ಅಡುಗೆಯವನು. ಪಟೇಲರು, ಅವರ ಗೆಳೆಯ ನಾಡುಗೌಡರು, ಎಲ್ಲರ ಸುದ್ದಿ ತಿಳಿದಿದ್ದ ಕುಳ್ಳೇಗೌಡ, ಈ ಮೂವರಿಗಾಗಿಯೇ ಪುಸ್ತಕದಲ್ಲಿ ಒಂದು ಅಧ್ಯಾಯವಿದೆ.

ಆ ಮನೆಯ ಜಗಲಿಯಿಂದ ಕಂಡದ್ದು ಸಣ್ಣದಲ್ಲ. ವರ್ಣದ ನಕ್ಷೆ ಕೈಯಲ್ಲಿ ಹಿಡಿದು ಬಂದವರಿಗೆ ಬ್ರಾಹ್ಮಣ ಮೇಲೆ, ಶೂದ್ರ ಕೆಳಗೆ. ಊರಿನಲ್ಲಿ ನಡೆಯುವುದು ಯಾರ ಮಾತು ಎಂದು ನೋಡಿದರೆ ನಕ್ಷೆ ಕೆಲಸಕ್ಕೆ ಬರುವುದಿಲ್ಲ. ಭೂಮಿ ಒಕ್ಕಲಿಗರದು, ಸಂಖ್ಯೆ ಅವರದು, ನ್ಯಾಯ ಹೇಳುವವರು ಅವರು, ಬೇರೆ ಜಾತಿಯವರ ಜಗಳವೂ ಅವರ ಜಗಲಿಗೇ ಬರುತ್ತದೆ. ಪೂಜೆಗೆ ಬೇಕಾದ ಬ್ರಾಹ್ಮಣ ಬದುಕಿಗೆ ಅವರನ್ನೇ ನಂಬಿಕೊಂಡಿದ್ದಾನೆ. ಇದನ್ನು ಶ್ರೀನಿವಾಸ್ 'ಪ್ರಬಲ ಜಾತಿ' ಎಂದು ಕರೆದರು. 1959ರಲ್ಲಿ ರಾಂಪುರದ ಪ್ರಬಲ ಜಾತಿಯ ಬಗ್ಗೆಯೇ ಅವರ ಒಂದು ಪ್ರಬಂಧ ಬಂತು. ಧರ್ಮಶಾಸ್ತ್ರಗಳನ್ನು ಓದಿ ಭಾರತವನ್ನು ತಿಳಿಯುವುದಕ್ಕೆ ಅವರು 'ಪುಸ್ತಕ ನೋಟ' ಎಂದೂ, ಊರಲ್ಲಿ ಇದ್ದು ತಿಳಿಯುವುದಕ್ಕೆ 'ಕ್ಷೇತ್ರ ನೋಟ' ಎಂದೂ ಹೆಸರಿಟ್ಟರು. ಎ.ಎಂ. ಷಾ ಅವರ ಜೊತೆ ಸೇರಿ 1960ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ಹಳ್ಳಿಯ ಸ್ವಯಂಪೂರ್ಣತೆ ಒಂದು ಮಿಥ್ಯೆ ಎಂದರು. ಉಪ್ಪು, ಕಬ್ಬಿಣ, ಸಂತೆ, ಹೆಣ್ಣು ಕೊಟ್ಟು ತರುವ ಊರುಗಳು, ಜಾತ್ರೆ, ಕಂದಾಯ, ಇಷ್ಟೆಲ್ಲ ನಂಟಿರುವ ಹಳ್ಳಿ ತನ್ನಷ್ಟಕ್ಕೆ ತಾನಿರಲು ಹೇಗೆ ಸಾಧ್ಯ? ಮೈಸೂರಿನ ರೆಸಿಡೆಂಟನಿಂದ ಮಾರ್ಕ್ಸ್‌ವರೆಗೆ ಹೋಗಿದ್ದ ಒಂದು ಚಿತ್ರವನ್ನು ಒಡೆಯುವುದರಲ್ಲಿ ಹೀಗೆ ಮೈಸೂರಿನವರೊಬ್ಬರ ಕೈಯೂ ಇತ್ತು.

ಇನ್ನೊಂದು ಮಾತು. 'ವೋಟ್ ಬ್ಯಾಂಕ್' ಎಂಬ ಪದ ಈಗ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಇದನ್ನು ಶ್ರೀನಿವಾಸ್ ಬಳಸಿದ್ದು 1955ರಲ್ಲಿ, ಇದೇ ಹಳ್ಳಿಯ ಸಾಮಾಜಿಕ ವ್ಯವಸ್ಥೆಯ ಕುರಿತ ಪ್ರಬಂಧದಲ್ಲಿ. ಅಲ್ಲಿ ಅದರ ಅರ್ಥ, ಭೂಮಿಯಿದ್ದ ಯಜಮಾನ ತನ್ನನ್ನು ನಂಬಿಕೊಂಡವರ ಮತಗಳನ್ನು ತನಗೆ ಬೇಕಾದ ಪಕ್ಷಕ್ಕೆ ಕೊಡಿಸುವುದು. ಬೆರಳು ತೋರಿಸಿದ್ದು ಯಜಮಾನನ ಕಡೆಗೆ. ಈಗ ಆ ಪದವನ್ನು ಯಾರ ಮೇಲೆ ಎಸೆಯುತ್ತಾರೆ ನೋಡಿ: ಮತ ಹಾಕುವ ಬಡವರ ಮೇಲೆ, ಅಲ್ಪಸಂಖ್ಯಾತರ ಮೇಲೆ. ಬ್ಯಾಂಕಿನ ಯಜಮಾನ ಚಿತ್ರದಿಂದ ಕಾಣೆಯಾಗಿ, ಸಾಲಿನಲ್ಲಿ ನಿಂತವರೇ ತಪ್ಪಿತಸ್ಥರಾಗಿದ್ದಾರೆ. ಪರಿಕಲ್ಪನೆಯೊಂದು ಅದು ಹುಟ್ಟಿದ ಊರನ್ನು ಬಿಟ್ಟು ಹೊರಟರೆ ಹೀಗಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಟಿಪ್ಪಣಿಗಳು ಸುಟ್ಟ ಮೇಲೂ ಶ್ರೀನಿವಾಸರಿಗೆ ಒಂದು ದೊಡ್ಡ ಪುಸ್ತಕಕ್ಕೆ ಸಾಲುವಷ್ಟು ಊರು ನೆನಪಿತ್ತು. ಪಟೇಲರ ಗತ್ತು, ಬೇಸಾಯದ ಚಕ್ರ, ಪಾರ್ಟಿಗಳ ಜಗಳ, ಸ್ನೇಹ, ಹೊಟ್ಟೆಕಿಚ್ಚು, ಮಳೆಗಾಗಿ ದೇವರ ಮುಂದೆ ಕೂತು ಹೂವು ಕೇಳುವ ಜನ, ಎಲ್ಲ ಇದೆ. ಅಂಕಿಗಳು ಕಡಿಮೆ, ಮನುಷ್ಯರು ಹೆಚ್ಚು. ಬಹುಶಃ ಟಿಪ್ಪಣಿಗಳಿದ್ದಿದ್ದರೆ ನಮಗೆ ಇನ್ನೊಂದು ಒಣ ಗ್ರಂಥ ಸಿಗುತ್ತಿತ್ತೋ ಏನೋ. ಪುಸ್ತಕ ಬಂದ ಎರಡು ವರ್ಷಕ್ಕೆ, 1978ರಲ್ಲಿ, 'ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ' ಪತ್ರಿಕೆ ಅದರ ಚರ್ಚೆಗಾಗಿಯೇ ಒಂದು ಸಂಚಿಕೆ ತಂದಿತು. ನೆನಪನ್ನು ಆಕರವೆಂದು ಒಪ್ಪಬಹುದೇ ಎಂಬುದೂ ಅಲ್ಲಿಂದೀಚೆಗೆ ಒಂದು ಪ್ರಶ್ನೆಯಾಗಿ ಉಳಿಯಿತು.

ಆದರೆ ಆ ಪುಸ್ತಕದಲ್ಲಿ ಕೆಲವು ಓಣಿಗಳು ಮಸುಕಾಗಿವೆ. ದಲಿತರ ಕೇರಿ, ಮುಸ್ಲಿಮರ ಮನೆಗಳು, ಹೆಂಗಸರು ಕೂತು ಮಾತಾಡುವ ಹಿತ್ತಲು. ಇದಕ್ಕೆ ಬೆಂಕಿ ಕಾರಣವಲ್ಲ. ಪಟೇಲರ ಮನೆಯಲ್ಲಿ ಇಳಿದುಕೊಂಡ, ಮೈಸೂರಿನ ಬ್ರಾಹ್ಮಣ ಕುಟುಂಬದ ವಿದ್ಯಾವಂತ ಯುವಕ ಹೇಗಿರಬೇಕೆಂದು ಊರು ಅವರಿಗಿಂತ ಮೊದಲೇ ತೀರ್ಮಾನ ಮಾಡಿತ್ತು. ಯಾವಾಗ ಕ್ಷೌರ ಮಾಡಿಕೊಳ್ಳಬೇಕು, ಯಾವಾಗ ಸ್ನಾನ ಮಾಡಬೇಕು ಎಂಬುದನ್ನು ಕೂಡ ಊರವರೇ ಅವರಿಗೆ ತಿದ್ದಿ ಹೇಳಿದರು. ಅಂಥವರು ಕೇರಿಗೆ ಹೋಗಿ ಕೂತರೆ ಪಟೇಲರಿಗೆ ಸರಿಬೀಳುವುದಿಲ್ಲ. ತಮ್ಮ ನೋಟ ಮೇಲ್ಜಾತಿಯವರ ನೋಟಕ್ಕೆ ಹತ್ತಿರವಾಗಿತ್ತು, ಕೇರಿಯವರ ಜೊತೆ ಹೆಚ್ಚು ಬೆರೆತಿದ್ದರೆ ಹಳ್ಳಿ ಬೇರೆ ರೀತಿ ಕಾಣುತ್ತಿತ್ತು ಎಂಬರ್ಥದ ಮಾತನ್ನು ಶ್ರೀನಿವಾಸರೇ ಪುಸ್ತಕದಲ್ಲಿ ಹೇಳಿದ್ದಾರೆ. ಆ ಪ್ರಾಮಾಣಿಕತೆ ದೊಡ್ಡದು. ಅದೇ ಹೊತ್ತಿಗೆ ಅದು ನಮಗೆ ಒಂದು ವಿಷಯ ತಿಳಿಸುತ್ತದೆ: ಮೂರು ಪ್ರತಿಯಲ್ಲ, ಮೂವತ್ತು ಪ್ರತಿ ಉಳಿದಿದ್ದರೂ ಆ ಓಣಿಗಳು ಮಸುಕಾಗಿಯೇ ಇರುತ್ತಿದ್ದವು.

ಇದು ವ್ಯಕ್ತಿಯೊಬ್ಬರ ಮೇಲಿನ ದೂರಲ್ಲ. ಹಳ್ಳಿಗೆ ಹೋಗಿ ನಿಂತ ಯಾರಿಗೂ ಇದರ ಬಿಸಿ ತಟ್ಟುತ್ತದೆ. ನನ್ನ ಸಂಶೋಧನೆ ಮಂಡ್ಯ ಕಡೆಯ ಕೂಲಿ ಮತ್ತು ವಲಸೆಯ ಬಗ್ಗೆ. ಪ್ರಶ್ನಾವಳಿ ತೆಗೆದು ನಾನು ಮೊದಲ ಪ್ರಶ್ನೆ ಕೇಳುವುದಕ್ಕೆ ಮುಂಚೆಯೇ ಜಗಲಿಯಲ್ಲಿ ಕೂತವರು ನನ್ನನ್ನು ಮೂರು ಪ್ರಶ್ನೆ ಕೇಳಿ ಮುಗಿಸಿರುತ್ತಾರೆ. 'ಯಾವೂರವ್ವ ನಿಂದು? ಯಾರ್ ಪೈಕಿ? ಮದ್ವೆ ಆಗಿದ್ದದಾ?' ಇದಕ್ಕೆ ನಾನು ಕೊಡುವ ಉತ್ತರದ ಮೇಲೆ ನನಗೆ ಸಿಗುವ ಉತ್ತರಗಳು ನಿಂತಿರುತ್ತವೆ. ಬೆಳಿಗ್ಗೆ ಯಾರ ಮನೆಯಲ್ಲಿ ಕಾಫಿ ಕುಡಿದೆ ಎಂಬುದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಒಮ್ಮೆ ಕೇರಿಯ ಮನೆಯೊಂದರ ಮುಂದೆ ಅಜ್ಜಿಯೊಬ್ಬರು ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದರು: 'ಬರ್ಕಂಡ್ ಹೋದೋರು ಬಾಳ ಜನ ಕಣವ್ವ. ಕೂತ್ಕೊ, ಬರ್ಕೊ. ನಿಂಗೂ ಏನೋ ಪರೀಕ್ಷೆ ಇರ್ಬೇಕು.' ವಿಶ್ವವಿದ್ಯಾಲಯದಲ್ಲಿ 'ಮಾಹಿತಿದಾರರೊಡನೆ ಸಂಬಂಧ' ಎಂಬ ಉಪಶೀರ್ಷಿಕೆಯ ಕೆಳಗೆ ಎರಡು ಪುಟದಲ್ಲಿ ಓದಿದ್ದು ಇದನ್ನೇ. ಆದರೆ ಆ ಎರಡು ಪುಟದಲ್ಲಿ, ಅವರೂ ನಮ್ಮನ್ನು ಅಧ್ಯಯನ ಮಾಡುತ್ತಿರುತ್ತಾರೆ ಎಂಬುದು ಇರಲಿಲ್ಲ.

ನೋಡುವ ಜಾಗ ಬದಲಾದರೆ ಸಿದ್ಧಾಂತವೂ ಬದಲಾಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಗೋಷ್ಠಿಯಲ್ಲಿ 25 ವರ್ಷದ ವಿದ್ಯಾರ್ಥಿ ಬಿ.ಆರ್. ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿಯ ತಿರುಳು ಒಳಬಾಂಧವ್ಯದ ಮದುವೆ, ತನ್ನೊಳಗೇ ಮದುವೆಯಾಗುತ್ತಾ ಬಾಗಿಲು ಮುಚ್ಚಿಕೊಂಡ ವರ್ಗವೇ ಜಾತಿ ಎಂಬುದು ಅವರ ವಾದ. ಮೊದಲು ಬಾಗಿಲು ಮುಚ್ಚಿಕೊಂಡವರು ಮೇಲಿನವರು, ಉಳಿದವರಲ್ಲಿ ಕೆಲವರು ಅವರನ್ನು ಅನುಕರಿಸಿದರು, ಇನ್ನು ಕೆಲವರ ಪಾಲಿಗೆ ಬಾಗಿಲು ಹೊರಗಿನಿಂದಲೇ ಮುಚ್ಚಿತು ಎಂದರು. ಅನುಕರಣೆಯ ಈ ಮಾತಿಗೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಗೇಬ್ರಿಯಲ್ ಟಾರ್ಡ್‌ನ ಸಿದ್ಧಾಂತವನ್ನು ಆಧಾರವಾಗಿ ತಂದರು. ಸಂಸ್ಕೃತೀಕರಣ ಎಂಬ ಪದ ಪ್ರಸಿದ್ಧವಾಗಲು ಇನ್ನೂ 36 ವರ್ಷವಿತ್ತು. ಶ್ರೀನಿವಾಸ್ ಹುಟ್ಟಿದ್ದೇ ಅದೇ ವರ್ಷದ ನವೆಂಬರಿನಲ್ಲಿ.

ಇಬ್ಬರೂ ಅನುಕರಣೆಯನ್ನು ಕಂಡರು. ಒಬ್ಬರಿಗೆ ಅದು ಮೇಲೇರುವ ಏಣಿಯಾಗಿ ಕಂಡಿತು: ಜಾತಿ ವ್ಯವಸ್ಥೆ ನಾವಂದುಕೊಂಡಷ್ಟು ಕಲ್ಲಿನಂತೆ ನಿಂತಿಲ್ಲ, ಅದರೊಳಗೆ ಚಲನೆಯಿದೆ. ಇನ್ನೊಬ್ಬರಿಗೆ ಅದು ಬಾಗಿಲು ಮುಚ್ಚುವ ಸದ್ದಾಗಿ ಕೇಳಿಸಿತು: ಅನುಕರಿಸಿದ ಪ್ರತಿಯೊಂದು ಗುಂಪೂ ತನ್ನ ಕೆಳಗಿನವರಿಗೆ ಬಾಗಿಲು ಹಾಕುತ್ತದೆ. ಎರಡೂ ನಿಜ. ಆದರೆ ಏಣಿಯ ಕೆಳಗೆ ನಿಂತವರಿಗೆ ಎರಡನೆಯದು ಮೊದಲು ಕಾಣುತ್ತದೆ. ಮುಂದೆ 1974ರಲ್ಲಿ ಜೋನ್ ಮೆಂಚರ್ ಎಂಬ ಮಾನವಶಾಸ್ತ್ರಜ್ಞೆ ಜಾತಿ ವ್ಯವಸ್ಥೆಯನ್ನು ಬುಡಮೇಲು ಮಾಡಿ, ತಳದಲ್ಲಿರುವವರ ಕಣ್ಣಿನಿಂದ ನೋಡಬೇಕೆಂದು ಬರೆದರು. ಅಲ್ಲಿಂದ ನೋಡಿದರೆ ಜಾತಿಗಳ ಪರಸ್ಪರ ಕೊಡುಕೊಳೆ ಎಂದು ಗ್ರಂಥಗಳು ಹೇಳುವುದು ದುಡಿಸಿಕೊಳ್ಳುವ ವ್ಯವಸ್ಥೆಯಾಗಿ ಕಾಣುತ್ತದೆ. ಒಕ್ಕಲು ಮನೆಗೂ ದಲಿತ ಮನೆಗೂ ವಂಶಪಾರಂಪರ್ಯವಾಗಿ ನಡೆದು ಬಂದ 'ಹಳೆಮಗ'ನ ಸಂಬಂಧವನ್ನೇ ತೆಗೆದುಕೊಳ್ಳಿ. ಜಗಲಿಯಿಂದ ಅದು ನಂಟು, ಕೇರಿಯಿಂದ ಅದು ಮುಗಿಯದ ಚಾಕರಿ.

ಹಾಗಾದರೆ ನೆನಪು, ಜಗಲಿ, ಸ್ನೇಹ ಇವನ್ನೆಲ್ಲ ಬಿಟ್ಟು ಅಂಕಿಗಳಿಗೆ ಹೋದರೆ ಆಗದೆ? ಇದು ನನ್ನ ಜೊತೆಯ ಅನೇಕ ವಿದ್ಯಾರ್ಥಿಗಳ ಪ್ರಶ್ನೆ. ಅಂಕಿಯ ಬಲ ದೊಡ್ಡದು ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. 1954ರಿಂದ 56ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಮನೆ ಮನೆಯ ಆಯವ್ಯಯ ಲೆಕ್ಕ ಹಾಕಿದರು. ಅವರು ಇಟ್ಟ ಹೆಸರು ವಂಗಲ ಮತ್ತು ದಾಲೆನ. ವಂಗಲಕ್ಕೆ ನಾಲೆಯ ನೀರು ಬಂತು, ಕಬ್ಬು ಬಂತು, ಮಂಡ್ಯದ ಸಕ್ಕರೆ ಕಾರ್ಖಾನೆಯಿಂದ ದುಡ್ಡು ಬಂತು. ದಾಲೆನದ ಭೂಮಿಗೆ ನೀರು ಹತ್ತಲಿಲ್ಲ. ಹಣ ಬಂದ ಊರು ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ತಿರುಗುಮುರುಗು. ವಂಗಲದವರು ಬೇಸಾಯವನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿದರು, ಕೂಲಿಯಾಳು ಬೇಕಾಗಿದ್ದರಿಂದ ಒಕ್ಕಲು ಮತ್ತು ದಲಿತರ ಹಳೆಯ ಸಂಬಂಧವೂ ಹಾಗೇ ಮುಂದುವರಿಯಿತು. ನೀರಿಲ್ಲದ ದಾಲೆನದ ಗಂಡಸರು ಕೆಲಸ, ವ್ಯಾಪಾರ ಎಂದು ಸುತ್ತಮುತ್ತಲ ಊರು ಪೇಟೆಗಳಿಗೆ ಹೋದರು, ಅಲ್ಲಿ ಹಳೆಯ ಕಟ್ಟುಗಳು ಸಡಿಲವಾದವು. ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕದಿದ್ದರೆ ಇದು ಕಾಣುತ್ತಿರಲಿಲ್ಲ. 1970ರಲ್ಲಿ ಅವರು ಅದೇ ಊರುಗಳಿಗೆ ಮತ್ತೆ ಹೋಗಿ ನೋಡಿದರು.

ಆದರೂ ಅಂಕಿ ತಾನಾಗಿ ಹುಟ್ಟುವುದಿಲ್ಲ, ಅದನ್ನು ಯಾರೋ ಬರೆದುಕೊಂಡಿರುತ್ತಾರೆ. ಎಮಿಲ್ ಡರ್ಕೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಬರೆದ ಗ್ರಂಥ ಸಮಾಜಶಾಸ್ತ್ರದ ಹೆಮ್ಮೆ. ತೀರಾ ಖಾಸಗಿಯೆನ್ನಿಸುವ ಕೃತ್ಯದ ಹಿಂದೆಯೂ ಸಮಾಜದ ಕೈಯಿದೆ ಎಂದು ಸರ್ಕಾರಿ ಅಂಕಿಅಂಶಗಳಿಂದಲೇ ತೋರಿಸಿದ ಕೃತಿ. ಕ್ಯಾಥೊಲಿಕರಿಗಿಂತ ಪ್ರಾಟೆಸ್ಟಂಟರಲ್ಲಿ ಆತ್ಮಹತ್ಯೆ ಹೆಚ್ಚು, ಯಾಕೆಂದರೆ ಅವರಲ್ಲಿ ಸಮುದಾಯದ ಕಟ್ಟು ಸಡಿಲ ಎಂಬುದು ಅದರ ಪ್ರಸಿದ್ಧ ವಾದಗಳಲ್ಲೊಂದು. 1967ರಲ್ಲಿ ಜ್ಯಾಕ್ ಡಗ್ಲಸ್ ಕೇಳಿದ್ದು ಸರಳ ಪ್ರಶ್ನೆ: ಒಂದು ಸಾವನ್ನು ಆತ್ಮಹತ್ಯೆ ಎಂದು ಬರೆಯುವವರು ಯಾರು? ಸಮುದಾಯದ ಕಟ್ಟು ಬಿಗಿಯಾಗಿರುವ ಕಡೆ ಅದನ್ನು ಮುಚ್ಚಿಡಲು ಮನೆಯವರಿಗೂ ನೆರೆಯವರಿಗೂ ಕಾರಣ ಹೆಚ್ಚಲ್ಲವೇ? ಹಾಗಿದ್ದರೆ ಡರ್ಕೈಮ್ ಎಣಿಸಿದ್ದು ಸಾವುಗಳನ್ನೋ, ಸಾವನ್ನು ದಾಖಲಿಸುವ ರೂಢಿಯನ್ನೋ? ನಮ್ಮಲ್ಲಿ ರೈತರ ಆತ್ಮಹತ್ಯೆಯ ಲೆಕ್ಕ ಓದುವಾಗಲೂ ಈ ಪ್ರಶ್ನೆ ಮಗ್ಗುಲಲ್ಲೇ ಇರಬೇಕು. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು, ಗುತ್ತಿಗೆಗೆ ಉಳುವವನು, ಇವರ ಸಾವು ಯಾವ ಕಾಲಂಗೆ ಹೋಗುತ್ತದೆ?

ಜಾತಿಗಳ ಎಣಿಕೆಯೂ ಹಾಗೆಯೇ. ಎಲ್ಲ ಜಾತಿಗಳ ಲೆಕ್ಕ ಪೂರ್ತಿಯಾಗಿ ಪ್ರಕಟವಾದ ಕೊನೆಯ ಜನಗಣತಿ 1931ರದ್ದು. ಕರ್ನಾಟಕ 2015ರಲ್ಲಿ ತನ್ನದೇ ಸಮೀಕ್ಷೆ ಮಾಡಿತು. ಆ ಸಮೀಕ್ಷೆಯ ಅಂಕಿಗಳ ಬಗ್ಗೆ ಎಷ್ಟೋ ಜಗಳಗಳಾದವು. ಮನೆ ಬಾಗಿಲಲ್ಲಿ ಕೇಳಿದವರು ಯಾರು, ಉತ್ತರ ಕೊಟ್ಟವರು ಮನೆಯಲ್ಲಿ ಯಾರು, ಬಾಡಿಗೆ ಮನೆಯಲ್ಲಿ ಜಾತಿ ಮುಚ್ಚಿಟ್ಟುಕೊಂಡು ಬದುಕುತ್ತಿರುವವರು ಏನು ಬರೆಸಿರಬಹುದು ಎಂಬ ಚರ್ಚೆ ಆ ಜಗಳಗಳಲ್ಲಿ ಕಡಿಮೆ ಕೇಳಿಸಿತು. ಸಂಶೋಧನಾ ವಿಧಾನ ಎಂಬುದು ಎಂ.ಎ. ತರಗತಿಯ ಒಂದು ಪತ್ರಿಕೆ ಮಾತ್ರ ಎಂದುಕೊಂಡಿರುವುದರಿಂದ ಹೀಗಾಗುತ್ತದೆ. ಮೀಸಲಾತಿಯ ಪಾಲು, ಪಡಿತರ, ಮತಕ್ಷೇತ್ರ, ಎಲ್ಲದರ ಬುಡದಲ್ಲೂ ಯಾರೋ ಯಾರನ್ನೋ ಏನೋ ಕೇಳಿ ಬರೆದುಕೊಂಡ ಒಂದು ಗಳಿಗೆ ಇರುತ್ತದೆ.

ಮಾಲಿನೋವ್‌ಸ್ಕಿ ತೀರಿಕೊಂಡ 25 ವರ್ಷಗಳ ನಂತರ, 1967ರಲ್ಲಿ, ಅವನ ಖಾಸಗಿ ದಿನಚರಿ ಪ್ರಕಟವಾಯಿತು. ಜನರ ಜೊತೆ ಬೆರೆತು ಬದುಕುವ ವಿಧಾನದ ಆಚಾರ್ಯ ಆ ಜನರ ಬಗ್ಗೆಯೇ ರೇಗಾಡಿದ್ದು, ಬೇಸತ್ತದ್ದು, ಕೀಳಾಗಿ ಮಾತಾಡಿದ್ದು ಎಲ್ಲ ಅದರಲ್ಲಿತ್ತು. ಆಮೇಲೆ ಮಾನವಶಾಸ್ತ್ರಜ್ಞರು ತಮ್ಮ ಗ್ರಂಥಗಳಲ್ಲಿ ತಮ್ಮನ್ನು ತಾವು ಮರೆಮಾಚಿಕೊಳ್ಳುವುದು ಕಷ್ಟವಾಯಿತು. ಶ್ರೀನಿವಾಸರ ನೆನಪಿನ ಪುಸ್ತಕದಲ್ಲಿ ಲೇಖಕ ಮೊದಲ ಪುಟದಿಂದ ಕಾಣಿಸಿಕೊಳ್ಳುತ್ತಾರೆ. ಎಲ್ಲಿ ಕೂತಿದ್ದರು, ಯಾರ ಜೊತೆ ನಡೆದರು, ಯಾರು ಅವರನ್ನು ತಡೆದರು ಎಂಬುದು ನಮಗೆ ಗೊತ್ತಾಗುತ್ತದೆ. ಗೊತ್ತಾಗುವುದರಿಂದಲೇ ಅವರಿಗೆ ಕಾಣದಿದ್ದ ಓಣಿ ಯಾವುದು ಎಂದು ನಾವು ಕೇಳಬಹುದು. ತನ್ನ ಜಾಗ ಹೇಳದ ಗ್ರಂಥದಲ್ಲಿ ಆ ಪ್ರಶ್ನೆಗೆ ಹಿಡಿಯಲು ತುದಿಯೇ ಇರುವುದಿಲ್ಲ. ಆ ಪುಸ್ತಕದಿಂದ ಕಲಿಯಬೇಕಾದ ವಿಧಾನ ಇದು ಎಂದು ನಾನು ನಂಬಿದ್ದೇನೆ.

ಉಳಿದ ಓಣಿಗಳ ಕಥೆಯನ್ನು ಕನ್ನಡದಲ್ಲಿ ಬರೆದವರು ಬೇರೆಯವರು. ಅರವಿಂದ ಮಾಲಗತ್ತಿ ಅವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯ ಅವರ 'ಊರು ಕೇರಿ' ಆತ್ಮಕಥೆಗಳಾಗಿ ಸಾಹಿತ್ಯ ವಿಭಾಗದ ಪಠ್ಯದಲ್ಲಿವೆ. ಎರಡನೆಯದರ ಹೆಸರನ್ನೇ ಗಮನಿಸಿ: ಒಂದೇ ಹಳ್ಳಿಗೆ ಎರಡು ಪದ ಬೇಕಾಗಿದೆ. ಸಮಾಜಶಾಸ್ತ್ರ ವಿಭಾಗದ ಪಠ್ಯಕ್ರಮದಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಇರುತ್ತದೆ, ಅದರ ಪಕ್ಕದಲ್ಲಿ 'ಊರು ಕೇರಿ' ಇರುವುದನ್ನು ನಾನು ಓದಿದ ಕಡೆ ಕಾಣಲಿಲ್ಲ. ಒಂದು ನೆನಪು ಸಿದ್ಧಾಂತದ ಕಪಾಟಿಗೆ, ಇನ್ನೊಂದು ನೆನಪು ಕಥೆಯ ಕಪಾಟಿಗೆ ಹೋಗಿದೆ. ಎರಡೂ ನೆನಪಿನಿಂದಲೇ ಬರೆದವು. ಈ ವಿಂಗಡಣೆ ಮಾಡಿದವರು ಯಾವ ಜಗಲಿಯಲ್ಲಿ ಕೂತಿದ್ದರು ಎಂದು ಮುಂದಿನ ಸಲ ಪಠ್ಯಕ್ರಮ ಪರಿಷ್ಕರಣೆಯಾಗುವಾಗ ಯಾರಾದರೂ ಕೇಳಬೇಕು. ವಿದ್ಯಾರ್ಥಿಗಳೇ ಕೇಳಿದರೆ ಇನ್ನೂ ಒಳ್ಳೆಯದು.